ರೊಟ್ಟಿ ಸೀದದ್ದು ಯಾವ ಮಾತಿಗೆ

ರೇಡಿಯೋ ನಾಟಕ ಬರೆಯುವ ವಿದ್ಯೆಯನ್ನು ನಾನು ಕಲಿತದ್ದು ಅಡಿಗೆಮನೆಯ ಗೋಡೆಯ ಈಚೆ ಕೂತು. ಗುರುಗಳು ಗೋಡೆಯ ಆಚೆ ರೊಟ್ಟಿ ಬಡಿಯುತ್ತಿದ್ದರು. ತಾವು ಗುರುಗಳೆಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಹಿಟ್ಟಿನ ಕೈಯಲ್ಲೇ ನನ್ನನ್ನು ಬೀದಿಗೆ ಅಟ್ಟುತ್ತಿದ್ದರು.

ಎಂಬತ್ತರ ದಶಕದ ಮಾತು. ನಾನು ಕುಬಿಹಾಳದಲ್ಲಿ ಶಾಲಾ ಮಾಸ್ತರ. ಮದುವೆ ಇನ್ನೂ ಆಗಿರಲಿಲ್ಲ. ನನ್ನ ಸೋದರತ್ತೆ, ಅಂದರೆ ತಂದೆಯ ಅಕ್ಕ, ನನಗೆ ಬೇಯಿಸಿ ಹಾಕಲೆಂದು ಬಂದವಳು ನನ್ನನ್ನು ತಿದ್ದುವ ಹೆಚ್ಚಿನ ಕೆಲಸವನ್ನೂ ವಹಿಸಿಕೊಂಡು ಮನೆಯಲ್ಲಿ ನೆಲೆಸಿದ್ದಳು. ಧಾರವಾಡದ ರೇಡಿಯೋ ನಿಲಯಕ್ಕೆ ನಾಟಕ ಕಳಿಸಿದ ಸಂಗತಿಯನ್ನು ನಾನು ಹೆಡ್‌ಮಾಸ್ತರರೊಬ್ಬರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳುವುದೆಂದರೆ ಡಂಗುರ ಹೊಡೆಸಿದಂತೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದೆ. ವಾರದೊಳಗೆ ಊರು ನನ್ನನ್ನು ‘ನಾಟಕದ ಮಾಸ್ತರ’ ಎಂದು ಕರೆಯತೊಡಗಿತು. ನಾಟಕ ಬರುವ ದಿನ ಪಂಚಾಯ್ತಿ ಕಟ್ಟೆಯ ರೇಡಿಯೋ ಮುಂದೆ ಯಾರು ಎಲ್ಲಿ ಕೂಡ್ರಬೇಕೆಂಬುದೂ ನಿಶ್ಚಯವಾಯಿತು. ಇನ್ನು ಆಗಬೇಕಾಗಿದ್ದದ್ದು ಒಂದೇ ಸಣ್ಣ ಕೆಲಸ. ನಾಟಕ ಸ್ವೀಕಾರವಾಗಬೇಕಿತ್ತು.

ಕತೆ ದೊಡ್ಡದಲ್ಲ. ಅಣ್ಣತಮ್ಮಂದಿರಿಬ್ಬರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಹೊಲ, ಎತ್ತು, ಬಂಡಿ, ತಾಮ್ರದ ಹಂಡೆ ಎಲ್ಲ ಹಂಚಿಕೆಯಾಗುತ್ತದೆ. ಕೊನೆಗೆ ಅವ್ವ ಉಳಿಯುತ್ತಾಳೆ. ಅವಳು ಯಾರ ಪಾಲಿಗೆ ಎಂಬುದೇ ನಾಟಕ. ಈ ಅವ್ವ ನನ್ನ ಮೊದಲ ಪ್ರತಿಯಲ್ಲಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಕಂಬಕ್ಕೆ ಒರಗಿ ಕೂತು ಮಕ್ಕಳನ್ನು ನೋಡುತ್ತಿದ್ದಳು. ಕಂಸದಲ್ಲಿ ‘ಅವ್ವನ ಕಣ್ಣಂಚಿನಲ್ಲಿ ನೀರು’ ಎಂದು ಬರೆದು, ಆ ಕಂಸ ಓದಿ ನಾನೇ ಕಣ್ಣೊರಸಿಕೊಂಡಿದ್ದೆ.

ಮೂರು ವಾರದ ಮೇಲೆ ಟಪಾಲಿನವ ಬಂದ. ತೆಳ್ಳನೆಯ ಲಕೋಟೆ ಬಂದರೆ ಸ್ವೀಕಾರ, ದಪ್ಪನೆಯದು ಬಂದರೆ ನಾಟಕ ವಾಪಸು ಎಂಬ ಸೂತ್ರವನ್ನು ನಾನೇ ಅವನಿಗೆ ಕಲಿಸಿದ್ದೆ, ಅವನು ಅದನ್ನು ಊರಿಗೆಲ್ಲ ಕಲಿಸಿದ್ದ. “ಮಾಸ್ತರ, ದಪ್ಪ ಐತ್ರಿ” ಎಂದು ತಲೆ ತಗ್ಗಿಸಿ ಲಕೋಟೆ ಕೊಟ್ಟು, ಸತ್ತವರ ಮನೆಯಿಂದ ಹೊರಡುವವರಂತೆ ಹೇಳದೇ ಹೋದ.

ಆ ಶನಿವಾರವೇ ಧಾರವಾಡಕ್ಕೆ ಹೋದೆ. ನಾಟಕ ವಿಭಾಗದ ನಿರ್ಮಾಪಕರು ಸಣಕಲು ಮನುಷ್ಯ. ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಅನವಶ್ಯಕ ಅಂಗವೆಂಬುದು ಅವರ ನಂಬುಗೆ ಎಂದು ಆಮೇಲೆ ತಿಳಿಯಿತು.

“ಅವ್ವ ಎಲ್ಲಿದ್ದಾಳ್ರಿ ಇದರಾಗ?” ಎಂದರು.

“ಕಂಬಕ್ಕ ಆತು ಕುಂತಾಳ್ರಿ.”

“ಯಾರಿಗೆ ಕಾಣ್ತಾಳ?”

ರೇಡಿಯೋದಲ್ಲಿ ಸದ್ದು ಮಾಡದವರು ಸತ್ತವರೂ ಅಲ್ಲ, ಹುಟ್ಟಿಯೇ ಇಲ್ಲದವರು ಎಂದು ಅವರು ಕಣ್ಣುಮುಚ್ಚಿಯೇ ವಿವರಿಸಿದರು. ಕಣ್ಣಿಗೆ ಬರೆದಿದ್ದೀರಿ, ಕಿವಿಗೆ ಬರೆದು ತನ್ನಿ ಎಂದರು. ಇಷ್ಟು ದೊಡ್ಡ ತತ್ವವನ್ನು ಹೊತ್ತು ಬಸ್ಸಿನಲ್ಲಿ ಕೂಡ್ರುವುದೇ ನನಗೆ ಕಷ್ಟವಾಯಿತು. ಹುಬ್ಬಳ್ಳಿ ದಾಟುವುದರೊಳಗೆ ಎರಡನೆಯ ಪ್ರತಿ ತಲೆಯಲ್ಲಿ ಸಿದ್ಧವಾಗಿತ್ತು, ಎಂಟು ದಿನದಲ್ಲಿ ಟಪಾಲಿಗೂ ಬಿತ್ತು.

ಎರಡನೆಯ ಪ್ರತಿಯಲ್ಲಿ ಕಿವಿಗೆ ನಾನು ಏನೂ ಕಡಿಮೆ ಮಾಡಲಿಲ್ಲ. ‘ಅಣ್ಣಾ, ಈಗ ನಾ ಎದ್ದು ಬಾಗಲಾ ತೆರೀತೇನಿ. ತೆರದೆ ನೋಡು’ ಎನ್ನುತ್ತಿದ್ದ ತಮ್ಮ. ‘ಬಲಗೈಯಾಗ ಕೊಡ್ಲಿ ಹಿಡದು, ಕೆಂಪು ಮಾರಿ ಮಾಡ್ಕೊಂಡು, ಕಟ್ಟೀ ಮ್ಯಾಲ ಯಾಕ ನಿಂತೀಯೋ’ ಎಂದು ಅಣ್ಣ ಕೇಳುತ್ತಿದ್ದ. ಅವ್ವನಂತೂ ತನ್ನ ಕಣ್ಣೀರು ಯಾವ ಕಣ್ಣಿನಿಂದ ಮೊದಲು ಇಳಿಯಿತು, ಅದನ್ನು ಸೆರಗಿನ ಯಾವ ತುದಿಯಿಂದ ಒರಸಿಕೊಂಡಳು ಎಂಬುದನ್ನೂ ತಾನೇ ವರದಿ ಮಾಡುತ್ತಿದ್ದಳು. ಕಳಿಸಿದ ಮೇಲೆ ನನ್ನ ಬಳಿ ಉಳಿದ ಪ್ರತಿಯನ್ನು ಒಂದು ಸಂಜೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿಕೊಂಡು ಆನಂದಿಸುತ್ತಿದ್ದೆ. ಒಳಗಿನಿಂದ ಅತ್ತೆ ಕೇಳಿದಳು:

“ಆ ಹುಡುಗ ಏನ್ ಮಾಡಿದ್ರೂ ಯಾಕ ಒದರಿ ಹೇಳ್ತಾನ? ಅವ್ರ ಮನ್ಯಾಗ ಯಾರಿಗೂ ಕಣ್ಣಿಲ್ಲೇನು?”

ಕೇಳುವವರಿಗೆ ಏನೂ ಕಾಣುವುದಿಲ್ಲ, ಅದಕ್ಕೇ ಹೇಳಬೇಕಾಗುತ್ತದೆ ಎಂದು ಶಾಸ್ತ್ರ ಬಿಡಿಸಿ ಹೇಳಿದೆ.

“ಕಾಣದಿದ್ರ ಕಿವಿ ಐತೆಲ್ಲೋ. ನಾ ಈಗ ಒಲೀ ಮುಂದಿಂದ ಎದ್ದೇನೇನು? ಬಾಜೂಮನಿ ಸೊಸಿ ಸಿಟ್ಟಾಗ್ಯಾಳ, ಕೊಡ ಕುಕ್ಕಿದ್ಲು. ಟಪಾಲಿನವನ ಸೈಕಲ್ ನಿಲ್ಲದಂಗ ಹೋತು, ಇವತ್ತ ನಿನಗ ದಪ್ಪಂದು ಬಂದಿಲ್ಲ. ನಿಮ್ಮ ಹೆಡ್‌ಮಾಸ್ತರ ಓಣಿ ತುದೀತನಕಾ ಬಂದು ತಿರುಗಿ ಹೋದ. ನೀ ಓದಾಕ್ಹತ್ತಿದ್ದು ಕೇಳಿರಬೇಕು.”

ಇಷ್ಟು ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ದಪ್ಪಂದು ಮರುದಿನ ಬಂತು. ಒಳಗಿದ್ದ ಚೀಟಿಯಲ್ಲಿ ಎರಡು ಸಾಲು. ಇನ್ನೊಂದೇ ಸಲ ನೋಡುತ್ತೇವೆ, ಅದೂ ಆಗದಿದ್ದರೆ ಈ ನಾಟಕವನ್ನು ಮತ್ತೆ ಕಳಿಸಬೇಡಿ. ಅಷ್ಟರಲ್ಲಿ ಊರಿನವರು ನನ್ನನ್ನು ಕಂಡು ನಾಟಕ ಯಾವಾಗ ಬರುತ್ತದೆ ಎಂದು ಕೇಳುವುದನ್ನು ನಿಲ್ಲಿಸಿ, ತೂಕ ಎಷ್ಟಿತ್ತು ಎಂದು ಕೇಳತೊಡಗಿದ್ದರು. ಮೂರನೆಯ ಸಲವೂ ದಪ್ಪಂದು ಬಂದರೆ ವರ್ಗ ಕೇಳಿಕೊಂಡು ಅಳ್ನಾವರದ ಕಾಡಿನ ಅಂಚಿಗೆ ಹೋಗಿಬಿಡುವುದೆಂದು ನಿರ್ಧರಿಸಿದೆ.

ಆಗಲೇ ನನ್ನ ವಿದ್ಯಾಭ್ಯಾಸ ಶುರುವಾದದ್ದು. ದಿನಾ ಸಂಜೆ ಅಡಿಗೆಮನೆಯ ಗೋಡೆಯ ಈಚೆ, ಗೋಡೆಗೆ ಬೆನ್ನು ಹಚ್ಚಿ ಕೂಡ್ರುತ್ತಿದ್ದೆ. ಅಂದು ಬರೆದದ್ದನ್ನು ಪಾತ್ರಕ್ಕೊಂದು ಧ್ವನಿ ಮಾಡಿ ಓದುತ್ತಿದ್ದೆ. ಅತ್ತೆಯ ಅಭಿಪ್ರಾಯ ಕೇಳಿ ಪ್ರಯೋಜನವಿರಲಿಲ್ಲ. ನನ್ನದೇನಾದರೂ ಚೆನ್ನಾಗಿದೆ ಎಂದು ಅವಳು ಎಂದೂ ಹೇಳಿದವಳಲ್ಲ. ಆದರೆ ಮಾತು ಮನಸ್ಸಿಗೆ ಹತ್ತಿದರೆ ಅವಳ ಕೈ ನಿಲ್ಲುತ್ತಿತ್ತು, ಕೈ ನಿಂತರೆ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಕೈ ನಿಂತದ್ದು ನನಗೆ ಕೇಳಿಸುತ್ತಿರಲಿಲ್ಲ, ಏಕೆಂದರೆ ಅಣ್ಣನ ಪಾತ್ರದಲ್ಲಿ ನನ್ನ ಅಬ್ಬರ ಅಷ್ಟಿತ್ತು. ಊಟಕ್ಕೆ ಕೂತಾಗ ರೊಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಇದು ಇಷ್ಟನೆಯದು, ಹಾಗಾದರೆ ಇಂಥ ಪುಟಕ್ಕೆ ಸೀದದ್ದು ಎಂದು ಗುರುತು ಹಾಕುತ್ತಿದ್ದೆ. ರೊಟ್ಟಿ ಬೆಳ್ಳಗೆ ಬಂದ ಪುಟಗಳನ್ನು ಹರಿದೆ. ಹದಿನೈದು ದಿನದಲ್ಲಿ ನಾಟಕ ಅರ್ಧಕ್ಕಿಳಿಯಿತು. ನನ್ನ ಜೀವನದಲ್ಲಿ ಇಷ್ಟು ಸೀದ ರೊಟ್ಟಿಯನ್ನು ಇಷ್ಟು ಸಂತೋಷದಿಂದ ತಿಂದ ಕಾಲ ಇನ್ನೊಂದಿಲ್ಲ.

ಹಾಗೆ ಗೋಡೆಗೆ ಒರಗಿ ಕೂತಿದ್ದಾಗಲೇ ಹೊಳೆಯಿತು. ಗೋಡೆಯಾಚೆ ಅತ್ತೆ ಇದ್ದಾಳೆ ಎಂದು ನನಗೆ ಗೊತ್ತಾಗುವುದು ಅವಳು ಮಾತಾಡುವುದರಿಂದಲ್ಲ, ಬಡಿತದಿಂದ. ನಾಟಕದ ಅವ್ವನೂ ರೊಟ್ಟಿ ಬಡಿಯಲಿ. ಮಕ್ಕಳು ಪಾಲಿಗೆ ಬಡಿದಾಡುತ್ತಿರಲಿ, ಇವಳು ಸುಮ್ಮನೆ ಬಡಿಯುತ್ತಿರಲಿ. ಕೊನೆಗೆ ಕಿರಿಯವನು ಅವಳು ಯಾರ ಪಾಲಿಗೆ ಎಂದು ಕೇಳಿದ ಮೇಲೆ ಅವ್ವ ಬಾಯಿ ಬಿಟ್ಟು ಒಂದೂವರೆ ಪುಟ ಮಾತಾಡಲಿ. ಆ ಒಂದೂವರೆ ಪುಟದಲ್ಲಿ ಭೂಮಿ, ಗರ್ಭ, ಒಲೆ, ಹೊಕ್ಕುಳಬಳ್ಳಿ ಎಲ್ಲವೂ ಇದ್ದವು. ಅದನ್ನು ಓದಿದ ಸಂಜೆ ಕೊನೆಯ ರೊಟ್ಟಿ ಇದ್ದಿಲಾಗಿ ಬಂತು. ನಾನು ಆ ಇದ್ದಿಲನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡೆ. ಅತ್ತೆ ನನ್ನ ಹಣೆ ಮುಟ್ಟಿ ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

ಮೂರನೆಯ ಸಲ ಟಪಾಲಿನವ ಸೈಕಲ್ಲಿನ ಗಂಟೆಯನ್ನು ಊರ ಅಗಸಿಬಾಗಿಲಿನಿಂದಲೇ ಬಾರಿಸುತ್ತ ಬಂದ. ಶಾಲೆಯ ಬಾಗಿಲಲ್ಲಿ ನಿಂತು, ಇಡೀ ವರ್ಗದ ಎದುರು, ಲಕೋಟೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, “ತೆಳ್ಳಗ ಐತ್ರಿ” ಎಂದ. ಹೆಡ್‌ಮಾಸ್ತರರು ಅರ್ಧ ದಿನ ಸೂಟಿ ಕೊಟ್ಟರು. ಯಾರು ತೀರಿಕೊಂಡರೆಂದು ಕೇಳುತ್ತ ನಾಲ್ಕಾರು ಪಾಲಕರು ಶಾಲೆಗೆ ಓಡಿ ಬಂದರು.

ಆನಂದ ತಾಲೀಮಿನ ದಿನದವರೆಗೆ ಬಾಳಿತು. ಅವ್ವನ ಪಾತ್ರಕ್ಕೆ ಬಂದವರು ಧಾರವಾಡದ ಒಳ್ಳೆಯ ಕಲಾವಿದೆ, ಅಳುವಂತೆ ಹೇಳಿದರೆ ಎಷ್ಟು ಬೇಕಾದರೂ ಅಳಬಲ್ಲವರು. ಆದರೆ ರೊಟ್ಟಿ ಬಡಿದು ಗೊತ್ತಿಲ್ಲ. ಮೇಜಿನ ಮೇಲೆ ಹಿಟ್ಟಿಟ್ಟು ಬಡಿದರೆ ಕೂಸನ್ನು ತಟ್ಟಿ ಮಲಗಿಸಿದಂತೆ ಕೇಳುತ್ತಿತ್ತು. ಸದ್ದಿನ ವಿಭಾಗದವನು ತನ್ನ ಪೆಟ್ಟಿಗೆಯಿಂದ ತೆಂಗಿನ ಚಿಪ್ಪು, ತಗಡು, ಹಳೆಯ ಚಪ್ಪಲಿ ಒಂದೊಂದಾಗಿ ತೆಗೆದು ಬಡಿದು ತೋರಿಸಿದ. ಕುದುರೆ ಬಂತು, ಗುಡುಗು ಬಂತು, ಯಾರೋ ಯಾರನ್ನೋ ಹೊಡೆದಂತೆಯೂ ಬಂತು. ರೊಟ್ಟಿ ಮಾತ್ರ ಬರಲಿಲ್ಲ. ನವಲಗುಂದದಿಂದ ಕಲಘಟಗಿಯ ತನಕ ಪ್ರತಿ ಮನೆಯಲ್ಲೂ ಈ ಸದ್ದಿನಲ್ಲೇ ಬೆಳೆದವರು ಕೇಳಲು ಕೂತಿರುತ್ತಾರೆ, ಅವರನ್ನು ಚಪ್ಪಲಿಯಿಂದ ಮೋಸ ಮಾಡಲಾಗದು ಎಂದು ನಿರ್ಮಾಪಕರು ಕಣ್ಣು ಮುಚ್ಚಿಕೊಂಡೇ ಹೇಳಿದರು. ನಾಳೆ ಧ್ವನಿಮುದ್ರಣದ ಹೊತ್ತಿಗೆ ಸದ್ದು ಸಿಗದಿದ್ದರೆ ಬೇರೆ ನಾಟಕ ತಯಾರಿದೆ ಎಂದೂ ಸೇರಿಸಿದರು.

ರಾತ್ರಿಯೇ ಊರಿಗೆ ಬಂದು ಅತ್ತೆಯ ಮುಂದೆ ಹೇಳಿಕೊಂಡೆ. ಮರುದಿನ ಧಾರವಾಡದ ದಾರಿ ಹಿಡಿಯಲು ಕುಂದಗೋಳಕ್ಕೆ ಹೊರಟ ಮೊದಲ ಬಸ್ಸಿನಲ್ಲಿ ಅತ್ತೆ ಕೂತಿದ್ದಳು. ತೊಡೆಯ ಮೇಲೆ ರೊಟ್ಟಿ ಬಡಿಯುವ ಹಲಗೆ, ಕಾಲ ಬಳಿ ಜೋಳದ ಹಿಟ್ಟಿನ ಡಬ್ಬಿ. ಇದೆಲ್ಲ ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ. “ರೇಡಿಯೋದವ್ರಿಗೆ ರೊಟ್ಟಿ ಮಾಡೂದು ಬರೂದಿಲ್ಲಂತಪಾ” ಎಂದಳು, ಆಸ್ಪತ್ರೆಗೆ ರೋಗಿ ನೋಡಲು ಹೊರಟವರ ದನಿಯಲ್ಲಿ.

ಧ್ವನಿಮುದ್ರಣದ ಕೋಣೆ ಅವಳ ಮನಸ್ಸಿಗೆ ಬರಲಿಲ್ಲ. ಕಿಡಕಿ ಇಲ್ಲ, ಒಲೆ ಇಲ್ಲ, ಹಂಚಿಲ್ಲ. ಬಡಿದ ರೊಟ್ಟಿಯನ್ನು ಬೇಯಿಸದೆ ಮತ್ತೆ ಮುದ್ದೆ ಮಾಡಿ ಬಡಿಯಬೇಕೆಂದು ತಿಳಿದಾಗ, ಇದು ಉಂಡವರಿಗೂ ಉಪವಾಸವಿದ್ದವರಿಗೂ ಒಳ್ಳೆಯದಲ್ಲ ಎಂದಳು. ಆದರೂ ಕೂತಳು. ಮೊದಲ ಬಡಿತ ಬಿದ್ದದ್ದೇ ಗಾಜಿನ ಈಚೆ ನಿರ್ಮಾಪಕರು ಕಣ್ಣು ತೆರೆದರು. ನಾನು ಅವರ ಪಕ್ಕದಲ್ಲಿದ್ದೆ. ಅವರ ಕಣ್ಣು ಕಂದು ಬಣ್ಣದ್ದೆಂದು ಅಂದೇ ಗೊತ್ತಾಯಿತು.

ಕೆಂಪು ದೀಪ ಹತ್ತಿತು. ನಾಟಕ ನಡೆಯಿತು. ಹೊಲ ಹೋಯಿತು, ಎತ್ತು ಹೋದವು, ಹಂಡೆ ಹೋಯಿತು. ಅತ್ತೆ ಬಡಿಯುತ್ತಲೇ ಇದ್ದಳು. ಕಿರಿಯವನು, “ಅಣ್ಣಾ, ಮತ್ತ ಅವ್ವ ಯಾರ ಪಾಲಿಗೆ?” ಎಂದ.

ಬಡಿತ ನಿಂತಿತು.

ಬರವಣಿಗೆಯಲ್ಲಿ ‘ಬಡಿತ ಮುಂದುವರಿಯುತ್ತದೆ’ ಎಂದಿತ್ತು. ನಿರ್ಮಾಪಕರು ಎಲ್ಲರನ್ನೂ ನಿಲ್ಲಿಸಿ, ಒಳಗೆ ಹೋಗಿ, ಮಾತಿನ ಕಡೆ ಲಕ್ಷ್ಯ ಕೊಡದೆ ಬಡಿಯುತ್ತಿರಬೇಕು ಎಂದು ಅತ್ತೆಗೆ ಬಹಳ ಮರ್ಯಾದೆಯಿಂದ ಹೇಳಿ ಬಂದರು. ಅವಳು ತಲೆಯಾಡಿಸಿದಳು. ಮತ್ತೆ ಕೆಂಪು ದೀಪ, ಮತ್ತೆ ಹೊಲ, ಎತ್ತು, ಹಂಡೆ. “ಮತ್ತ ಅವ್ವ ಯಾರ ಪಾಲಿಗೆ?” ಬಡಿತ ಮತ್ತೆ ಅಲ್ಲಿಯೇ ನಿಂತಿತು. ಬೇರೆ ನಾಟಕದ ಕಲಾವಿದರು ಹೊರಗೆ ಬೆಂಚಿನ ಮೇಲೆ ಬಂದು ಕೂತದ್ದು ಕಾಣುತ್ತಿತ್ತು.

“ಅಮ್ಮಾರ, ಅಲ್ಲಿ ಯಾಕ ನಿಲ್ಲಸ್ತೀರಿ?” ಎಂದು ನಿರ್ಮಾಪಕರು ಕೇಳಿದರು.

“ಹೊಟ್ಯಾಗಿನ ಮಗ ಹಂಗ ಕೇಳಿದ ಮ್ಯಾಲ ಯಾವಾಕಿ ಬಡೀತಾಳ್ರಿ ರೊಟ್ಟಿ?”

ಅವ್ವನ ಪಾತ್ರದವರು ಒಂದೂವರೆ ಪುಟ ಕೈಯಲ್ಲಿ ಹಿಡಿದು, ಅಳುವುದಕ್ಕೆ ಸಿದ್ಧರಾಗಿ ನಿಂತಿದ್ದರು. ನಿರ್ಮಾಪಕರು ಆ ಹಾಳೆಗಳನ್ನು ಇಸಿದುಕೊಂಡು, ಕೆಂಪು ಪೆನ್ಸಿಲಿನಿಂದ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಬಡಿತ ನಿಲ್ಲುವುದೇ ನಾಟಕದ ಕೊನೆ, ಆಮೇಲೆ ಒಂದು ಅಕ್ಷರವೂ ಬೇಡ ಎಂದರು. ಭೂಮಿ, ಗರ್ಭ, ಹೊಕ್ಕುಳಬಳ್ಳಿ ಎಲ್ಲ ಒಂದೇ ಗೆರೆಗೆ ಹೋದವು. ಬೆಳಗಿನಿಂದ ಅಳುವುದಕ್ಕೆ ಕಾದಿದ್ದ ಕಲಾವಿದೆ ನನಗಿಂತ ಹೆಚ್ಚು ನೊಂದಂತೆ ಕಂಡರು. ಮೂರನೆಯ ಸಲ ಅತ್ತೆಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, ಅವತ್ತು ಆ ಮಾತುಗಳಿಗೇ ರೊಟ್ಟಿ ಸೀದಿತ್ತಲ್ಲ ಎಂದು.

“ಯಾವ ಮಾತಿಗೆ? ಅದರ ಹಿಂದಿನ ಮಾತಿಗೆ ಹೊತ್ತತು ಅದು, ಆ ಹುಡುಗ ಕೇಳಿದ್ದಕ್ಕ. ನಿನ್ನ ಭಾಷಣ ಸುರು ಆದಾಗ ನಾ ಹೊತ್ತಿದ್ದು ಕೆರಿಯಾಕ್ಹತ್ತಿದ್ದೆ.”

ಹಲಗೆಯನ್ನು ನನ್ನ ತೊಡೆಯ ಮೇಲೆ ಸರಿಸಿ ಕಿಡಕಿಗೆ ತಲೆ ಆನಿಸಿ ಮಲಗಿಬಿಟ್ಟಳು.

ನಾಟಕ ಬಂದ ಸಂಜೆ ಕಟ್ಟೆಯ ಮೇಲೆ ಕೂಡ್ರುವ ಧೈರ್ಯ ನನಗಾಗಲಿಲ್ಲ. ಅಲ್ಲಿ ನಡೆದದ್ದನ್ನು ಮರುದಿನ ಟಪಾಲಿನವ ಹೇಳಿದ. ಊರೆಲ್ಲ ಉಸಿರು ಹಿಡಿದು ಕೂತಿತ್ತಂತೆ. ಬಡಿತ ನಿಂತದ್ದೇ, ಬ್ಯಾಟರಿ ಹೋಯಿತೆಂದು ತಿಳಿದ ಹೆಡ್‌ಮಾಸ್ತರರು ರೇಡಿಯೋದ ನೆತ್ತಿಗೆ ಒಂದು ಏಟು ಕೊಟ್ಟರಂತೆ. ಅದು ಆಗ ನಿಜವಾಗಿಯೂ ನಿಂತಿತು. ನಾಟಕ ಬರೆದವರ ಹೆಸರು ಹೇಳುವುದು ಆಮೇಲೆ. ಆದ್ದರಿಂದ ಕುಬಿಹಾಳದಲ್ಲಿ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಅದು ಇಂದಿಗೂ ಅಲ್ಲಿ ‘ಮಾಸ್ತರನ ಅತ್ತೀ ನಾಟಕ’ ಎಂದೇ ಪ್ರಸಿದ್ಧ.

ನಾನು ಮಾತ್ರ ಆ ಹೊತ್ತಿಗೆ ಎರವಲು ತಂದ ಟ್ರಾನ್ಸಿಸ್ಟರನ್ನು ಅಡಿಗೆಮನೆಯ ಗೋಡೆಯ ಈಚೆ ಇಟ್ಟುಕೊಂಡು, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ರೇಡಿಯೋದೊಳಗೆ ಅತ್ತೆ ಬಡಿಯುತ್ತಿದ್ದಳು, ಗೋಡೆಯಾಚೆಯೂ ಅತ್ತೆ ಬಡಿಯುತ್ತಿದ್ದಳು. ನಡುವೆ ಒಮ್ಮೆ, “ಆ ಎರಡನೇದು ದಪ್ಪ ಆಗೇತಿ” ಎಂಬ ವಿಮರ್ಶೆ ಬಂತು. ಕಿರಿಯ ಮಗ ತನ್ನ ಪ್ರಶ್ನೆ ಕೇಳಿದ. ರೇಡಿಯೋದ ಬಡಿತ ನಿಂತಿತು. ಒಳಗಿನದೂ ನಿಂತಿತು. ಈ ಸಲ ನಾನು ಓದುತ್ತಿರಲಿಲ್ಲವಾದ್ದರಿಂದ ಅದು ನಿಂತದ್ದು ಚೆನ್ನಾಗಿ ಕೇಳಿಸಿತು.

ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಊಟಕ್ಕೆ ಕೂತಾಗ ಅತ್ತೆ ಕರ್ರಗಿನದನ್ನೇ ನನ್ನ ತಾಟಿಗೆ ಹಾಕಿ, ಬೆಳ್ಳಗಿನದನ್ನು ತಾನಿಟ್ಟುಕೊಂಡಳು. ನಾನು ಅದನ್ನು ತಿರುಗಿಸಿ ನೋಡಲಿಲ್ಲ. ಯಾವ ಮಾತಿಗೆ ಎಂದೂ ಕೇಳಲಿಲ್ಲ. ಎಣ್ಣೆ ಹಚ್ಚಿ ತಿಂದೆ.