ಜಲಪಾತದ ದಾರಿಯಲ್ಲೊಂದು ಅಂಗಳ

ಬೆಳಿಗ್ಗೆ ಎಂಟೂ ಹತ್ತಕ್ಕೆ ನೊಲುಂಡಿ, ಮಾನ್ಯಾವುಜ ಎಂಬ ಅಜ್ಜಿಯ ಅಂಗಳದಲ್ಲಿ ಚಾಪೆಯ ಮೇಲೆ ಕುಳಿತು ಮೆಕ್ಕೆಜೋಳದ ಹುಳಿಗಂಜಿ ಕುಡಿಯುತ್ತಿದ್ದಳು. ಡರ್ಬನ್ನಿನಿಂದ ರಜೆಗೆ ಬಂದಿದ್ದ ನಾಲ್ವರು ಪ್ರವಾಸಿಗರೂ ಅವಳ ಪಕ್ಕದಲ್ಲೇ ಕುಳಿತಿದ್ದರು. ಅವರಿಗೆ ಕಾಡು ಸುತ್ತಿಸಿ, ಜಲಪಾತ ತೋರಿಸಿ, ಹತ್ತರೊಳಗೆ ಅಳಿವೆ ದಾಟಿಸಬೇಕಿತ್ತು. ಹತ್ತಾದ ಮೇಲೆ ಅಲ್ಲಿ ಉಬ್ಬರ ಏರುತ್ತದೆ.

ಅದು ಗೈಡಾಗಿ ಅವಳ ಮೊದಲ ತಂಡ. ಅದಕ್ಕೂ ಮುಂಚೆ ಹಲವು ವರ್ಷ ಕಡಲತೀರದ ಹೋಟೆಲಿನಲ್ಲಿ ಹಾಸಿಗೆಬಟ್ಟೆ ಒಗೆದಿದ್ದಳು. ಗೈಡುಗಳ ಮುಖ್ಯಸ್ಥ ಮ್ಜುಕಿಸಿ ಹಾಕಿದ ಷರತ್ತು ಒಂದೇ: ಕಚೇರಿಯ ಹಲಗೆಯಲ್ಲಿ ಬರೆದಂತೆ ಮೂರು ಗಂಟೆಯಲ್ಲಿ ಹೋಗಿಬಂದರೆ ಕೆಲಸ ಅವಳದು.

ಆದರೆ ದಾರಿ ಅಜ್ಜಿಯ ಅಂಗಳದಲ್ಲೇ ಹಾಯುತ್ತಿತ್ತು. ಈ ಕರಾವಳಿಯ ನಮ್ಮ ಮ್ಪೊಂಡೊ ಜನ ಒಬ್ಬರ ಅಂಗಳವನ್ನು ಸುಮ್ಮನೆ ದಾಟುವುದಿಲ್ಲ. ನಿಂತು ನಮಸ್ಕಾರ ಹೇಳಬೇಕು, ಯಾರ ಕಡೆಯವರು, ಎಲ್ಲಿಗೆ ಎಂದು ತಿಳಿಸಬೇಕು, ಕೊಟ್ಟದ್ದನ್ನು ಕುಡಿಯಬೇಕು. ನೊಲುಂಡಿಗೆ ಬೇರೆ ಥರ ನಡೆಯುವುದು ಹೊಳೆಯಲೇ ಇಲ್ಲ.

"ಈ ಗಡ್ಡದವ್ನಿಗೆ ಮದ್ವೆ ಆಗಿದ್ಯಾ?" ಅಜ್ಜಿ ಕೇಳಿದಳು.

"ಇಲ್ವಂತೆ ಅಜ್ಜಿ."

"ಅದಕ್ಕೇ ಸೊರಗಿದಾನೆ. ಇನ್ನೊಂದ್ ಲೋಟ ಹಾಕು. ಏನಪ್ಪಾ, ನಿಮ್ಮಮ್ಮಂಗೆ ಇದೆಲ್ಲ ಕಾಣಲ್ವಾ? ಕರ್ಕೊಂಡ್ ಬಾ ಅವಳ್ನ, ನಾನೇ ಮಾತಾಡ್ತೀನಿ."

ಜಲಪಾತ ನೋಡಿ ಅಳಿವೆಗೆ ಬರುವಷ್ಟರಲ್ಲಿ ಹತ್ತು ದಾಟಿ ನೀರು ಎದೆಮಟ್ಟ ಏರಿತ್ತು. ನೊಲುಂಡಿ ಒಮ್ಮೆ ನೋಡಿದಳು, ತಿರುಗಿದಳು.

"ಕಾಡೊಳಗಿಂದ ಸುತ್ಕೊಂಡ್ ಹೋಗೋಣ. ನಾನು ಸೌದೆಗೆ ಬರ್ತಿದ್ದ ದಾರಿ, ಬನ್ನಿ."

ಊರು ಸೇರಿದಾಗ ಮಧ್ಯಾಹ್ನ. ಮ್ಜುಕಿಸಿ ಕಚೇರಿಯ ಬಾಗಿಲಲ್ಲೇ ನಿಂತಿದ್ದ. ಅವಳನ್ನು ಅವನು ಸಿಸಿ, ಅಂದರೆ ತಂಗಿ, ಎಂದು ಕರೆಯುತ್ತಿದ್ದ.

"ಏನ್ ಸಿಸಿ, ಇವ್ರನ್ನ ಡರ್ಬನ್‌ಗೇ ಬಿಟ್ ಬಂದ್ಯೇನೋ ಅಂದ್ಕೊಂಡೆ."

"ಅಜ್ಜಿ ಮನೇಲಿ ಕೂತಿದ್ವಿ."

"ಬೇಲಿ ಹಿಂದಿಂದ ಹೋಗೋಕೆ ಏನಾಗಿತ್ತು? ನಾವೆಲ್ಲ ಹಂಗೇ ತಾನೆ ಹೋಗೋದು?"

"ಅಜ್ಜಿಗೂ ಗೊತ್ತು. ಮ್ಜುಕಿಸಿ ಬೇಲಿ ಹಿಂದೆ ಬಗ್ಗಿಕೊಂಡು ಹೋದ ದಿನ ಕೋಳಿ ಎಣಿಸ್ಕೋತಾಳಂತೆ."

ಗಡ್ಡದವನು ಗಹಗಹಿಸಿ ನಕ್ಕ. ಮ್ಜುಕಿಸಿ ನಗಲಿಲ್ಲ.

"ಉಬ್ಬರ ಯಾರಿಗೂ ಕಾಯಲ್ಲ, ಸಿಸಿ."

"ಹೌದು, ಅದು ನನ್ ತಪ್ಪೇ. ಇನ್ಮೇಲೆ ಇಳಿತ ನೋಡ್ಕೊಂಡು ಬೇಗ ಹೊರಡ್ತೀನಿ. ಆದ್ರೆ ಬೇಲಿ ಹಿಂದೆ ಹೋಗೋದು ನನ್ನಿಂದಾಗಲ್ಲ. ಅದು ಬೇಕೇ ಬೇಕು ಅಂದ್ರೆ ನಾಳೆ ಹೋಟೆಲಲ್ಲಿ ಬಟ್ಟೆ ಒಗೀತೀನಿ."

"ನಾಳೆ ಬಟ್ಟೆ ಒಗೆಯೋದು ಬೇಡ," ಗಡ್ಡದವನು ನಡುವೆ ಬಾಯಿಹಾಕಿದ. "ನಮ್ಮಮ್ಮ ಇವತ್ತು ಸಂಜೆ ಬಸ್ಸಿಗೆ ಬರ್ತಾರೆ. ನಾಳೆ ಅವರನ್ನ ಅಜ್ಜಿ ಹತ್ರ ಕರ್ಕೊಂಡ್ ಹೋಗ್ಬೇಕು. ಇವ್ರೇ ಬರ್ಬೇಕು."

ಉಳಿದ ಮೂವರೂ ತಾವೂ ಬರುವುದಾಗಿ ಹೇಳಿದರು. ಮ್ಜುಕಿಸಿ ಗಲ್ಲ ಕೆರೆದುಕೊಂಡ. ಆಮೇಲೆ ಹಲಗೆಯ ಮೇಲಿದ್ದ 'ಮೂರು ಗಂಟೆ'ಯನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣ ಹಿಡಿದು ಅವಳ ಕಡೆ ತಿರುಗಿದ.

"ಎಷ್ಟ್ ಗಂಟೆ ಹಿಡಿಯತ್ತೆ ಅಂತ ಬರೀಲಿ? ನಡೆಸೋಳು ನೀನು, ನೀನೇ ಹೇಳು."

ನೊಲುಂಡಿ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಐದು."