‘ರಷ್ಯಾದ ಅಜ್ಜಿ’ ಎಂದು ನಾನಂದ ದಿನ

ಕೈಗೆ ಮೈಕು ಸಿಕ್ಕರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಧಾರವಾಡದ ಕಾಲೇಜಿನಲ್ಲಿ ಅಂಟಿದ ಚಾಳಿ, ಫ್ರಾಂಕ್‌ಫರ್ಟಿಗೆ ಬಂದರೂ ಬಿಡಲಿಲ್ಲ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಯಾವಾಗಲೂ ನಾನೇ ನಿರೂಪಕಿ.

ಆ ವರ್ಷ ಮಕ್ಕಳಿಗೆ ತಮ್ಮ ಕಥೆ ಹೇಳಲು ಎದುರು ಮನೆಯ ಅಜ್ಜಿಯನ್ನು ಕರೆದಿದ್ದೆ. ಎಂಬತ್ತು ದಾಟಿದ ಜೀವ. ನನ್ನ ಮಗಳಿಗೆ ಜರ್ಮನ್ ಓದಲು ಕಲಿಸಿದವರು. ಈಗ ಅವರಿಲ್ಲ, ಹೋಗಿ ಎರಡು ವರ್ಷವಾಯಿತು.

ಅವರ ಪೂರ್ವಿಕರು ಜರ್ಮನ್ ರೈತರು. ಬನ್ನಿ, ಭೂಮಿ ಕೊಡುತ್ತೇನೆ ಎಂದು ರಷ್ಯಾದ ಮಹಾರಾಣಿ ಕರೆದಾಗ ವೋಲ್ಗಾ ನದಿಯ ದಂಡೆಗೆ ಹೋಗಿ ನೆಲೆಸಿದವರು. ಎಷ್ಟೋ ತಲೆಮಾರು ಕಳೆದ ಮೇಲೆ ಜರ್ಮನಿಯ ಜೊತೆ ಯುದ್ಧ ಬಂತು. ರಾಜವಂಶ ಹೋಗಿ ಬೇರೆ ಸರ್ಕಾರ ಬಂದಿತ್ತು, ಅದಕ್ಕೆ ಇವರ ಮೇಲೆ ಅನುಮಾನ. ಊರಿಗೆ ಊರನ್ನೇ ರೈಲಿಗೆ ತುಂಬಿ ಕಜಾಕ್‌ಸ್ತಾನದ ಬಯಲಿಗೆ ಸಾಗಿಸಿಬಿಟ್ಟರು. ಅಜ್ಜಿ ಆಗ ಎರಡು ವರ್ಷದ ಕೂಸು.

"ಅಷ್ಟು ದೊಡ್ಡ ದೇಶ, ನೂರೆಂಟು ಜನಾಂಗ. ಒಬ್ಬೊಬ್ಬರನ್ನೂ ವಿಚಾರಿಸೋಕೆ ಆಳೋರಿಗೆ ಪುರುಸೊತ್ತೆಲ್ಲಿ?" ಎಂದಿದ್ದರು ಆಲೂಗಡ್ಡೆ ಸುಲಿಯುತ್ತಾ. "ಕಾಗದದಲ್ಲಿ ಜರ್ಮನ್ ಅಂತಿತ್ತು, ರೈಲು ಹತ್ತಿಸಿದರು. ಐವತ್ತು ದಾಟಿದ ಮೇಲೆ ಇಲ್ಲಿಗೆ ಬಂದೆ. ಇಲ್ಲಿ ಎಲ್ಲರಿಗೂ ನಾನು ರಷ್ಯಾದವಳು. ನಿಮ್ಮ ಸಭೆಗೆ ಬರ್ತೀನಿ, ಆದರೆ ನನ್ನನ್ನು ಜರ್ಮನ್ ಅಂತಲೇ ಹೇಳಬೇಕು. ತುಂಬಿದ ಸಭೆಯಲ್ಲಿ ಒಂದು ಸಲ ಅದನ್ನು ಕೇಳಬೇಕು ನಾನು."

ಖಂಡಿತ ಎಂದು ಮಾತು ಕೊಟ್ಟಿದ್ದೆ.

ಸಭೆಯ ದಿನ ಜನರೆಲ್ಲ ಬಿಸಿಬೇಳೆಬಾತಿನ ಸುತ್ತ. ಕೂಟದ ಕಾರ್ಯದರ್ಶಿ, ಮೈಸೂರಿನವರು, ಕಿವಿಯಲ್ಲಿ ಹೇಳಿದರು: "ಅಕ್ಕಾ, ಜರ್ಮನ್ ಅಜ್ಜಿ ಅಂದ್ರೆ ಯಾರು ಕೂತ್ಕೊಂಡು ಕೇಳ್ತಾರೆ? ಹೊರಗಡೆ ಪೂರ್ತಿ ಅವರೇ ಅಲ್ವಾ! ರಷ್ಯಾ ಅಜ್ಜಿ ಅನ್ನಿ, ಆಮೇಲೆ ನೋಡಿ."

"ಅದೂ ಖರೇನ ಬಿಡ್ರಿ" ಎಂದುಬಿಟ್ಟೆ. ಕನ್ನಡದಲ್ಲಿ ಹೇಳಿದರೆ ಅಜ್ಜಿಗೆಲ್ಲಿ ತಿಳಿಯುತ್ತದೆ, ಆಮೇಲೆ ಜರ್ಮನ್‌ನಲ್ಲಿ ಅವರು ಕೇಳಿದಂತೆಯೇ ಹೇಳಿದರಾಯಿತು ಎಂದು ನನ್ನ ಲೆಕ್ಕ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

"ದೂರದ ರಷ್ಯಾದಿಂದ ಬಂದ, ರಷ್ಯಾದ ಹಿಮದಲ್ಲಿ ಬೆಳೆದ, ನಮ್ಮೆಲ್ಲರ ಪ್ರೀತಿಯ ರಷ್ಯಾದ ಅಜ್ಜಿ!" ಎಂದು ಕೂಗಿದೆ. ಜನ ತಟ್ಟೆ ಸಮೇತ ಬಂದು ಕೂತರು. ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿ, ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟೆವು.

ರಷ್ಯಾ ಎಂಬುದಕ್ಕೆ ದುಭಾಷಿ ಬೇಕೇ? ಮೂರು ಸಲ ಕೇಳಿಸಿಕೊಂಡಿದ್ದರು ಪುಣ್ಯಾತ್ಗಿತ್ತಿ. ನಾನು ಜರ್ಮನ್‌ನಲ್ಲಿ ಬಾಯಿ ತೆರೆಯುವ ಮೊದಲೇ ಮೆಲ್ಲಗೆ ಮೈಕು ತೆಗೆದುಕೊಂಡು, ಮಕ್ಕಳಿಗೆ ಒಂದು ನರಿಯ ಕಥೆ ಹೇಳಿ ಕೂತುಬಿಟ್ಟರು. ವೋಲ್ಗಾದ ಮಾತಿಲ್ಲ, ರೈಲಿನ ಮಾತಿಲ್ಲ. ಪೇಟ ಕಣ್ಣಿನವರೆಗೆ ಜಾರಿದ್ದರೂ ಸರಿಮಾಡಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆಯೇ ಹೋಗಿ ತಪ್ಪಾಯಿತೆಂದು ಅತ್ತೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಮುಂದಿನ ವರ್ಷ ಸರಿಯಾಗಿ ಹೇಳುತ್ತೇನೆ ಎಂದೆ. ಅವರು ಎದ್ದು ಕಾಫಿ ಮಾಡಿ ತಂದರು, ಸಿಟ್ಟೇನೂ ಮಾಡಲಿಲ್ಲ.

"ಕಚೇರಿಗಳು ನನ್ನನ್ನು ಹೇಗೆ ಬೇಕೋ ಹಾಗೆ ಬರ್ಕೊಂಡವು" ಎಂದರು. "ಅವುಗಳಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು."