ಮೈಲಾರಲಿಂಗಪ್ಪ ಕೆಡಿಸಿದ ತಬಲಾ

ಬೆಟಗೇರಿಯ ಮೈಲಾರಲಿಂಗಪ್ಪನಿಗೆ ಸಂಶಯ ಬರಲು ಕಾರಣವೇ ಬೇಕಿಲ್ಲ. ಹಾಲು ನೀರಾಗಿದ್ದರೆ ಬೈಯುತ್ತಾನೆ. ಗಟ್ಟಿಯಾಗಿದ್ದರೆ, ಇವತ್ತು ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ಹಾಲಿನವನನ್ನೇ ದಿಟ್ಟಿಸುತ್ತಾನೆ.

ತಬಲಾ ಕಟ್ಟುವುದು ಅವನ ನಲವತ್ತು ವರ್ಷದ ಕೆಲಸ. ಕೊಳ್ಳಲು ಬಂದವರು ಎದುರಿಗೆ ಕೂತು ಒಂದು ಆವರ್ತನ ತೀನತಾಲ ಬಾರಿಸಿ ತೋರಿಸಬೇಕು. ಪಾಸಾದರೆ ಮಾತ್ರ ತಬಲಾ. ಗಿರಾಕಿಗೇ ಪರೀಕ್ಷೆ ಇಡುವ ಅಂಗಡಿಗೆ ಗಿರಾಕಿಗಳು ಎಷ್ಟು ಬರುತ್ತಾರೆಂದು ಬೇರೆ ಹೇಳಬೇಕಿಲ್ಲ. ಆದರೆ ಅವನ ತಬಲಾ ಅಪಸ್ವರ ನುಡಿಯಿತು ಎಂದವರು ಮಾತ್ರ ಈವರೆಗೆ ಹುಟ್ಟಿರಲಿಲ್ಲ. ಇದ್ದ ಆಸ್ತಿಯೆಂದರೆ ಅದೊಂದೇ ಹೆಸರು.

ಅಂಥವನ ಅಂಗಡಿಗೆ ತಲೆಬುರುಡೆಯ ಚಿತ್ರವಿದ್ದ ಕರೀ ಅಂಗಿ ತೊಟ್ಟು ಹೊನ್ನೇಶ ಬಂದ. ಜೊತೆಗೆ ಸಾಯಿಮಾ. 'ಎರಿಭೂಮಿ' ಎಂಬ ತಂಡವಂತೆ. ಇವನದು ಗಿಟಾರು, ಅವಳದು ತಬಲಾ.

"ಥ್ರ್ಯಾಶ್ ಮೆಟಲ್ ಬಾರಸ್ತೀವ್ರಿ ಕಾಕಾ," ಎಂದ ಹೊನ್ನೇಶ. "ಗದ್ದಲ ಇರ್ತೈತಿ, ಆದ್ರ ಲೆಕ್ಕ ಭಾಳ ಬಿಗಿ. ಒಂದು ಹಾಡು ಹನ್ನೊಂದು ಮಾತ್ರಾದ್ದು, ಇನ್ನೊಂದು ಏಳೂವರಿದು. ನಡುವ ರಾಗದ ಆಲಾಪ."

"ಏಳೂವರಿ? ಉಳಿದ ಅರ್ಧ ಮಾತ್ರಾ ಯಾರ ಮನಿಗೆ ಹೋತಲೇ?"

ಸಾಯಿಮಾ ಪರೀಕ್ಷೆಗೆ ಕೂತು ಒಂದು ಬೋಲೂ ತಪ್ಪದೆ ಬಾರಿಸಿದಳು. ಮೈಲಾರಲಿಂಗಪ್ಪನ ಸಂಶಯ ಇಮ್ಮಡಿಯಾಯಿತು. ಇಷ್ಟು ಚಂದ ಬಾರಿಸುವವಳಿಗೆ ಈ ಬುರುಡೆಯವನ ಜೊತೆ ಏನು ಕೆಲಸ? ಅಷ್ಟರಲ್ಲಿ ಹೊನ್ನೇಶ ಫೋನಿನಲ್ಲಿ ಯಾವುದೋ ದೇಶದ ಸಂಗೀತ ಕಛೇರಿ ತೋರಿಸಿದ. ಅಲ್ಲೊಬ್ಬ ಪುಣ್ಯಾತ್ಮ ಕೊನೆಗೆ ತನ್ನ ಗಿಟಾರನ್ನೇ ನೆಲಕ್ಕೆ ಬಡಿದು ಚೂರು ಮಾಡಿದ.

ಇವರು ತಬಲಾಕ್ಕೂ ಇದೇ ಗತಿ ಕಾಣಿಸುವವರೆಂದು ಮೈಲಾರಲಿಂಗಪ್ಪನಿಗೆ ಖಾತ್ರಿಯಾಯಿತು. ಒಳ್ಳೆಯ ತಬಲಾವನ್ನು ಮಂಚದ ಕೆಳಗೆ ತಳ್ಳಿದ. ಹಳೆಯದೊಂದಕ್ಕೆ ಬೇಕೆಂದೇ ತೊಗಲಿನ ವಾದಿ ಬಿಗಿದು, ಹಾರ್ಮೋನಿಯಂನ ಎರಡು ಪಟ್ಟಿಗಳ ನಡುವೆ, ಯಾವುದಕ್ಕೂ ಕೂಡದ ಸ್ವರದಲ್ಲಿ ನಿಲ್ಲಿಸಿದ. ಸುತ್ತಿಗೆಯಿಂದ ಎಷ್ಟು ಬಡಿದರೂ ಅದು ಏರದು, ಇಳಿಯದು. ಒಡೆದರೆ ಒಡೆಯಲಿ ಎಂದು ಅದನ್ನೇ ಕೊಟ್ಟು ಕಳಿಸಿದ.

ಹದಿನೈದು ದಿನಕ್ಕೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೊಂದು ಪೋಸ್ಟರು ಬಿತ್ತು. ಅವತ್ತೇ ಮಧ್ಯಾಹ್ನ ಲಕ್ಷ್ಮೇಶ್ವರದಲ್ಲಿ ಎರಿಭೂಮಿ ಕಾರ್ಯಕ್ರಮ. ಕೆಳಗೆ ದಪ್ಪಕ್ಷರದಲ್ಲಿ: 'ತಬಲಾ ಕಟ್ಟಿದವರು: ಬೆಟಗೇರಿಯ ಮೈಲಾರಲಿಂಗಪ್ಪನವರು.'

ಮೈಲಾರಲಿಂಗಪ್ಪ ಅದನ್ನು ಎರಡೆರಡು ಸಲ ಓದಿದ. ನಲವತ್ತು ವರ್ಷ ಕಾಯ್ದ ಹೆಸರು ಒಂದೇ ಮಧ್ಯಾಹ್ನಕ್ಕೆ ಹೋಗುತ್ತದೆ! ಒಳ್ಳೆಯ ತಬಲಾವನ್ನು ಕೌದಿಯಲ್ಲಿ ಸುತ್ತಿಕೊಂಡು, ಹೆಂಡತಿ ಮರಿಯವ್ವನನ್ನೂ ಕರೆದುಕೊಂಡು ಶಿರಹಟ್ಟಿ ಮೇಲೆ ಹಾದು ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಹತ್ತಿದ. ಕಂಡಕ್ಟರ್ ಕೌದಿ ಮುಟ್ಟಿ ನೋಡಿದ್ದಕ್ಕೆ ಅವನ ಮೇಲೂ ಸಂಶಯಪಟ್ಟ.

ಸಭಾಭವನದಲ್ಲಿ ತಂಡ ಗಿಟಾರಿಗೆ ವೈರು ಚುಚ್ಚುತ್ತಿತ್ತು. ಇವನು ನೇರವಾಗಿ ಸಾಯಿಮಾಳ ಹತ್ತಿರ ಹೋದ.

"ತಂಗೀ, ಅದನ್ನ ಕೊಡು, ಇದನ್ನ ತಗೋ. ಅದು... ಬೇಸೂರ ಐತಿ."

"ಗೊತ್ತೈತ್ರಿ ಕಾಕಾ. ಮೊದಲನೇ ದಿನಾನ ಗೊತ್ತಾತು."

"ಮತ್ತ ತಿರುಗಿ ತರಬಾರದ?"

"ನಿಮ್ಮಂಥಾ ಹಳೇ ಕೈ ಸುಮ್ಮ ಸುಮ್ಮನ ಹಂಗ ಕಟ್ಟಂಗಿಲ್ಲ ಅಂದ್ವಿ. ಏನರ ವಿಚಾರ ಇರಬೇಕು ಅಂತ ಎಲ್ಲಾ ಗಿಟಾರನೂ ಅದರ ಸ್ವರಕ್ಕೇ ಇಳಿಸೀವ್ರಿ."

ಜೀವಮಾನವಿಡೀ ಇನ್ನೊಬ್ಬರನ್ನು ನಂಬದವನು, ತನ್ನನ್ನು ಇಷ್ಟು ನಂಬಿದವರನ್ನು ಕಂಡು ಕೌದಿಯ ಗಂಟನ್ನು ಮತ್ತೆ ಬಿಗಿದ.

ಬಾಜಾ ಶುರುವಾಯಿತು. ಎದೆ ನಡುಗಿಸುವ ಗದ್ದಲ. ಮೈಲಾರಲಿಂಗಪ್ಪ ಕಣ್ಣು ಮುಚ್ಚಿ ತಪ್ಪು ಹುಡುಕುತ್ತ ಕೂತ. ಏಳೂವರೆ ಮಾತ್ರೆಯನ್ನು ತೊಡೆಯ ಮೇಲೆ ಎಣಿಸಿದ. ತಾಳದ ಮೊದಲ ಪೆಟ್ಟಾದ ಸಮ ಸರಿಯಾಗಿ ಬಂದು ಬಿತ್ತು. ಆ ಕೆಟ್ಟ ಸ್ವರವನ್ನು ಎಲ್ಲ ತಂತಿಗಳೂ ಹಿಡಿದು ಅದನ್ನೇ ಷಡ್ಜ ಮಾಡಿಬಿಟ್ಟಿದ್ದವು. ತಬಲಾ ಒಡೆಯಲೂ ಇಲ್ಲ.

ಮುಗಿದ ಮೇಲೆ ಅವನು ಎಲ್ಲರೆದುರೇ ಒಪ್ಪಿಕೊಂಡ: "ನಿಮ್ಮ ಮ್ಯಾಲ ಸಂಶಯ ಬಂದು ನಾನ ಕೆಡಿಸಿದ್ನವ್ವಾ. ವಿಚಾರ ಗಿಚಾರ ಏನೂ ಇದ್ದಿಲ್ಲ."

ಹೊನ್ನೇಶ ಬಿದ್ದು ಬಿದ್ದು ನಕ್ಕ. "ಹಂಗಾರ ಇನ್ನೊಂದು ಅಂಥಾದ್ದ ಕೆಡಿಸಿ ಕೊಡ್ರಿ ಕಾಕಾ. ಒಂದು ಹೆಚ್ಚಿಂದು ಬೇಕಾಗೇತಿ."

ಈಗ ಒಂದು ವಾರದಿಂದ ಮೈಲಾರಲಿಂಗಪ್ಪ ಅದನ್ನೇ ಕಟ್ಟುತ್ತಿದ್ದಾನೆ. ಬಿಗಿಯುತ್ತಾನೆ, ಬಿಚ್ಚುತ್ತಾನೆ. ಪ್ರತಿಸಲವೂ ಹಾಳಾದ ಕೈ ತಾನಾಗಿ ಶುದ್ಧ ಸ್ವರಕ್ಕೇ ಹೋಗಿ ನಿಲ್ಲುತ್ತದೆ.

ಮರಿಯವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಆ ಹುಡುಗೂರ ಮ್ಯಾಲ ಇನ್ನೊಮ್ಮೆ ಸಂಶಯ ಪಡ್ರಿ. ತಾನ ಕೆಡ್ತೈತಿ."

ಬೆಳಗಿನಿಂದ ಪ್ರಯತ್ನಿಸುತ್ತಿದ್ದಾನೆ. ಸಂಶಯವೇ ಬರವಲ್ಲದು.